ಕೋಡ್ ಒಂದೇ, ಪ್ಯಾಕೇಜ್ ಎರಡು: ಡೆಬಿಯನ್‌ನ ನಾನ್-ಯುಎಸ್ ದಿನಗಳು

2001ರ ಹೊತ್ತಿಗೆ ಬೆಂಗಳೂರಿನಲ್ಲಿ ಕೂತು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗಾಗಿ ಒಂದು ಪುಟ್ಟ ಮೇಲ್ ಪ್ರೋಗ್ರಾಂ ಪ್ಯಾಕೇಜ್ ಮಾಡುತ್ತಿದ್ದೆ, ಅಂದರೆ ಸುಲಭವಾಗಿ ಇನ್‌ಸ್ಟಾಲ್ ಆಗುವ ಹಾಗೆ ಕಟ್ಟಿಕೊಡುತ್ತಿದ್ದೆ. ಎಸ್‌ಎಸ್‌ಎಲ್, ಅಂದರೆ ನೆಟ್‌ನಲ್ಲಿ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ಎನ್‌ಕ್ರಿಪ್ಶನ್, ಇಲ್ಲದ್ದು ಒಂದು, ಇರುವುದು ಇನ್ನೊಂದು. ಮೊದಲನೆಯದು ಮುಖ್ಯ ಆರ್ಕೈವ್‌ಗೆ, ಅಂದರೆ ಡೆಬಿಯನ್‌ನ ಪ್ಯಾಕೇಜ್ ಭಂಡಾರಕ್ಕೆ, ಹೋಗುತ್ತಿತ್ತು. ಎರಡನೆಯದರ ಜಾಗ ‘ನಾನ್-ಯುಎಸ್’ ಎಂಬ ಬೇರೆ ಆರ್ಕೈವ್. ಅದರ ಸರ್ವರ್ ಇದ್ದದ್ದು ನೆದರ್‌ಲೆಂಡ್ಸ್‌ನಲ್ಲಿ.

ಕಾರಣ ಅಮೆರಿಕದ ರಫ್ತು ಕಾನೂನು. 1996ರವರೆಗೆ ಅಲ್ಲಿ ಗಟ್ಟಿ ಎನ್‌ಕ್ರಿಪ್ಶನ್ ಯುದ್ಧ ಸಾಮಗ್ರಿಯ ಪಟ್ಟಿಯಲ್ಲಿತ್ತು, ಆಮೇಲೆ ವಾಣಿಜ್ಯ ಇಲಾಖೆಯ ಕೈಗೆ ಬಂತು. ಮಜಾ ಏನಂದ್ರೆ, ಒಳಗೆ ತರುವುದಕ್ಕೆ ಅಡ್ಡಿಯಿರಲಿಲ್ಲ, ಹೊರಗೆ ಕಳಿಸುವುದಕ್ಕೆ ಲೈಸೆನ್ಸ್ ಬೇಕಿತ್ತು. ಬೆಂಗಳೂರಿನಿಂದ ನಾನೇ ಕಳಿಸಿದ ಫೈಲ್ ಅಮೆರಿಕದ ಸರ್ವರ್ ಮುಟ್ಟಿದರೆ ಮತ್ತೆ ಆಚೆ ಬರುವುದೇ ತಲೆನೋವು! ಪಿಜಿಪಿ ಎಂಬ ಎನ್‌ಕ್ರಿಪ್ಶನ್ ಪ್ರೋಗ್ರಾಂನವರು ಅದರ ಸೋರ್ಸ್ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಹೊರದೇಶಕ್ಕೆ ಕಳಿಸಿದ್ದು ಇದೇ ಕಾರಣಕ್ಕೆ. ಫ್ಲಾಪಿಗೆ ತಡೆ, ಪುಸ್ತಕಕ್ಕಿಲ್ಲ.

ಪ್ಯಾಕೇಜ್ ಎರಡು ಮಾಡುವುದು ಕಾನ್ಫಿಗರ್‌ನಲ್ಲಿ ಒಂದು ಆಯ್ಕೆ ಬದಲಿಸಿದಷ್ಟು ಸುಲಭ ಆಗಿರಲಿಲ್ಲ. ಎಸ್‌ಎಸ್‌ಎಲ್ ಇರುವುದನ್ನು ಬಿಲ್ಡ್ ಮಾಡಲು, ಅಂದರೆ ಕೋಡಿನಿಂದ ಪ್ರೋಗ್ರಾಂ ಕಟ್ಟಲು, ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಬೇಕು. ಅದು ಇದ್ದದ್ದೂ ನಾನ್-ಯುಎಸ್‌ನಲ್ಲೇ. ಮುಖ್ಯ ಆರ್ಕೈವ್‌ನ ಪ್ಯಾಕೇಜ್ ಹೊರಗಿನದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಹಾಗಾಗಿ ಸೋರ್ಸ್ ಪ್ಯಾಕೇಜನ್ನೂ ಎರಡು ಮಾಡಿದೆ. ಒಂದನ್ನು ಹಾಕಿದರೆ ಇನ್ನೊಂದು ಜಾಗ ಬಿಡಲಿ ಅಂತ ಪ್ಯಾಕೇಜಿನ ವಿವರ ಇರುವ ಕಂಟ್ರೋಲ್ ಫೈಲ್‌ನಲ್ಲಿ ಕಾನ್‌ಫ್ಲಿಕ್ಟ್ಸ್, ರಿಪ್ಲೇಸಸ್, ಪ್ರೊವೈಡ್ಸ್ ಸಾಲು ಬರೆದೆ. ಒಂದು ಬಗ್ ಸರಿಮಾಡಿದರೆ ಎರಡೂ ಕಡೆ ಅದೇ ಪ್ಯಾಚ್, ಎರಡು ಚೇಂಜ್‌ಲಾಗ್, ಎರಡು ಅಪ್‌ಲೋಡ್. ಡಯಲ್-ಅಪ್ ಕಾಲ ಬೇರೆ.

ಎಸ್‌ಎಸ್‌ಎಲ್ ಕರೆಯುವ ಸಾಲುಗಳನ್ನೂ ಮುಖ್ಯ ಪ್ರತಿಯಿಂದ ಕಿತ್ತುಹಾಕಿದ್ದೆ. ಇದು ಅತಿ ಎಚ್ಚರ ಅನ್ನಿಸಬಹುದು. ಆದರೆ ಎನ್‌ಕ್ರಿಪ್ಶನ್ ಸೇರಿಸಲು ಬಿಟ್ಟ ಖಾಲಿ ಕೊಂಡಿಗಳಿಗೂ ಕಾನೂನು ತಗುಲುತ್ತದೆ ಎಂಬ ಭಯ ಆಗ ಸುಮ್ನೆ ಹುಟ್ಟಿದ್ದಲ್ಲ. ಅಪಾಚೆ ವೆಬ್ ಸರ್ವರ್‌ನಿಂದ ಹಿಂದೆ ಇಂಥ ಕೊಂಡಿಗಳನ್ನು ತೆಗೆದದ್ದುಂಟು.

ಪೇಟೆಂಟ್ ಇನ್ನೊಂದು ಕಾಟ. ಆರ್‌ಎಸ್‌ಎ ಎಂಬ ಎನ್‌ಕ್ರಿಪ್ಶನ್ ವಿಧಾನದ ಪೇಟೆಂಟ್ 2000ದ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು. ಐಡಿಯಾ ಎಂಬ ಇನ್ನೊಂದು ವಿಧಾನದ್ದು ಮುಗಿದಿರಲಿಲ್ಲ. ಅದಕ್ಕೇ ಡೆಬಿಯನ್ ತನ್ನ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಅದನ್ನು ಬಿಟ್ಟೇ ಬಿಲ್ಡ್ ಮಾಡುತ್ತಿತ್ತು.

ನಮ್ಮ ದೇಶವೇನೂ ಕಡಿಮೆಯಿರಲಿಲ್ಲ. ಇಂಟರ್‌ನೆಟ್ ಕಂಪನಿಗಳ ಲೈಸೆನ್ಸ್ ಷರತ್ತಿನ ಪ್ರಕಾರ 40 ಬಿಟ್‌ಗಿಂತ ದೊಡ್ಡ ಕೀ ಬಳಸಲು ಸರ್ಕಾರದ ಅನುಮತಿ ಬೇಕಿತ್ತು. ನಾನು ಅಪ್‌ಲೋಡ್‌ಗೆ ಬಳಸುತ್ತಿದ್ದ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಕೀಯೇ 128 ಬಿಟ್! ಅದನ್ನು ಕೇಳಿದವರನ್ನು ನಾನಂತೂ ಕಾಣಲಿಲ್ಲ.

ಅಮೆರಿಕ 2000ದ ಜನವರಿಯಲ್ಲೇ ನಿಯಮ ಸಡಿಲಿಸಿತ್ತು. ಸೋರ್ಸ್ ಎಲ್ಲರಿಗೂ ತೆರೆದಿದ್ದರೆ ಇಲಾಖೆಗೆ ತಿಳಿಸಿದರೆ ಸಾಕಿತ್ತು. ಆದರೂ ಡೆಬಿಯನ್ ವಕೀಲರ ಅಭಿಪ್ರಾಯ ಪಡೆದೇ ಮುಂದಕ್ಕೆ ಹೆಜ್ಜೆ ಇಟ್ಟಿತು. ತಡವಾಯಿತು ಅಂತ ಆಗ ಗೊಣಗಿದವರಲ್ಲಿ ನಾನೂ ಒಬ್ಬ. ಆದರೆ ಕೇಸು ಬಿದ್ದರೆ ಕೋರ್ಟಿಗೆ ಅಲೆಯಬೇಕಾದವರು ಅಮೆರಿಕದಲ್ಲಿದ್ದ ಸ್ವಯಂಸೇವಕರು, ನಾನಲ್ಲ ಅಲ್ವಾ? 2002ರ ವುಡಿ ಆವೃತ್ತಿಯಲ್ಲಿ ಎನ್‌ಕ್ರಿಪ್ಶನ್ ಮುಖ್ಯ ಆರ್ಕೈವ್‌ಗೆ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಬೆಂಕಿ ಬಿದ್ದು ನಾನ್-ಯುಎಸ್ ಇದ್ದ ಸರ್ವರ್ ಸುಟ್ಟೇ ಹೋಯಿತು.

ನಾನು ಎರಡೂ ಸೋರ್ಸ್ ಸೇರಿಸಿದೆ. ಹಳೆಯ ‘-ಎಸ್‌ಎಸ್‌ಎಲ್’ ಹೆಸರಿನಲ್ಲಿ ಒಂದು ಖಾಲಿ ಪ್ಯಾಕೇಜ್ ಉಳಿಸಿದೆ. ಅಪ್‌ಗ್ರೇಡ್ ಮಾಡಿದವರಿಗೆ ಅದರ ಮೂಲಕ ಹೊಸದು ತಾನಾಗಿ ಸಿಗುತ್ತಿತ್ತು.