ದೋಣಿ ವಿನ್ಯಾಸ ಸ್ಪರ್ಧೆ ನಡೆಸುವುದು ಹೇಗೆ? ಬಹುಮಾನಕ್ಕಿಂತ ಮೊದಲು ಅಳತೆ ಬರೆಯಿರಿ

ದೋಣಿ ವಿನ್ಯಾಸ ಸ್ಪರ್ಧೆಯ ಹಣೆಬರಹ ಪ್ರಕಟಣೆ ಬರೆಯುವಾಗಲೇ ಅರ್ಧ ನಿರ್ಧಾರವಾಗಿರುತ್ತದೆ. ‘ಕುಟುಂಬಕ್ಕೆ ಒಪ್ಪುವ, ಹಗುರವಾದ, ಸುರಕ್ಷಿತ ದೋಣಿ ರೂಪಿಸಿ’ ಎಂದು ಕರೆ ಕೊಟ್ಟರೆ ಒಬ್ಬರು ಮೂರು ಮೀಟರಿನ ಹುಟ್ಟುದೋಣಿ ಕಳಿಸುತ್ತಾರೆ, ಇನ್ನೊಬ್ಬರು ಒಂಬತ್ತು ಮೀಟರಿನ ಹಾಯಿದೋಣಿ. ಎರಡೂ ಚೆನ್ನಾಗಿಯೇ ಇರಬಹುದು, ಆದರೆ ಅವನ್ನು ಒಂದೇ ತಕ್ಕಡಿಯಲ್ಲಿ ತೂಗಲು ಯಾವ ತೀರ್ಪುಗಾರರಿಂದಲೂ ಆಗದು. ಹವ್ಯಾಸಿಗಳೂ ವೃತ್ತಿಪರರೂ ಒಂದೇ ಕಣಕ್ಕಿಳಿದರೆ ತೊಡಕು ಇಮ್ಮಡಿ. ವೃತ್ತಿಪರರ ಬಣ್ಣದ ಚಿತ್ರಗಳ ಎದುರು ಹವ್ಯಾಸಿಯ ಒಳ್ಳೆಯ ಯೋಚನೆ ಮಂಕಾಗಿ ಕಾಣುತ್ತದೆ. ಹಾಗಾಗದಂತೆ ನೋಡಿಕೊಳ್ಳಲು ಕ್ರಮವಾಗಿ ಏನೇನು ಮಾಡಬೇಕು ಎಂಬುದು ಇಲ್ಲಿದೆ. ಉದಾಹರಣೆಗೆ, ಮನೆಯಲ್ಲೇ ಕಟ್ಟಬಹುದಾದ, ಹಾಯಿ ಮತ್ತು ಹುಟ್ಟು ಎರಡರಿಂದಲೂ ಸಾಗುವ ಸಣ್ಣ ತೆರೆದ ದೋಣಿಯ ಸ್ಪರ್ಧೆಯನ್ನು ಇಟ್ಟುಕೊಳ್ಳೋಣ.

ಹಂತ 1: ಬೇಡಿಕೆ ಪತ್ರ

ಎಂಥ ದೋಣಿ ಬೇಕು ಎಂದು ಸ್ಪರ್ಧಿಗಳಿಗೆ ಹೇಳುವ ಈ ಪತ್ರ ಒಂದೇ ಪುಟದಲ್ಲಿ ಮುಗಿಯಬೇಕು. ಮೀರಿದರೆ ನೇರವಾಗಿ ಹೊರಬೀಳುವ ಕಟ್ಟುನಿಟ್ಟಿನ ಮಿತಿಗಳು ಐದಕ್ಕಿಂತ ಹೆಚ್ಚು ಬೇಡ. ಉಳಿದದ್ದನ್ನು ‘ಇದ್ದರೆ ಒಳ್ಳೆಯದು’ ಎಂಬ ಪಟ್ಟಿಗೆ ತಳ್ಳಿ. ನಮ್ಮ ಉದಾಹರಣೆಗೆ ಮಿತಿಗಳು ಹೀಗಿರಲಿ: ಒಡಲಿನ ಉದ್ದ 4.7 ಮೀಟರ್, ಅಗಲ 1.7 ಮೀಟರ್, ಬರಿ ಒಡಲಿನ ತೂಕ 70 ಕೆ.ಜಿ., 6 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆ ಆರು, ದೋಣಿಯಲ್ಲಿ ಕೂರುವವರು ಇಬ್ಬರು ವಯಸ್ಕರು ಮತ್ತು ಒಂದು ಮಗು.

ಪ್ರಕಟಿಸುವ ಮುನ್ನ ಈ ಮಿತಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೀವೇ ಲೆಕ್ಕ ಹಾಕಿ ನೋಡಬೇಕು. 2440 × 1220 ಮಿ.ಮೀ.ನ ಆರು ಹಾಳೆ ಎಂದರೆ ಸುಮಾರು 17.9 ಚದರ ಮೀಟರ್. ಘನ ಮೀಟರಿಗೆ 500 ಕೆ.ಜಿ. ತೂಗುವ ಹಗುರ ಪ್ಲೈವುಡ್ ಆದರೆ ಆರೂ ಸೇರಿ ಸುಮಾರು 54 ಕೆ.ಜಿ. ಕತ್ತರಿಸಿ ಉಳಿದ ಚೂರುಗಳಿಗೆ ಶೇ 15 ಕಳೆದರೆ ದೋಣಿಗೆ ಸೇರುವುದು 46 ಕೆ.ಜಿ. ಮರದ ಪಟ್ಟಿ, ಎಪಾಕ್ಸಿ ಅಂಟು, ಬಣ್ಣಕ್ಕೆ 24 ಕೆ.ಜಿ. ಉಳಿಯುತ್ತದೆ, ಸಾಧ್ಯವಿದೆ. ಅದೇ 650 ಕೆ.ಜಿ. ಸಾಂದ್ರತೆಯ ಗಟ್ಟಿ ಪ್ಲೈವುಡ್ ಆದರೆ ಆರು ಹಾಳೆಗಳೇ 70 ಕೆ.ಜಿ.ಗೆ ಬಂದು ನಿಲ್ಲುತ್ತವೆ. ಪ್ಲೈವುಡ್ಡಿನ ಸಾಂದ್ರತೆ ಹೇಳದೆ ಬರಿ ತೂಕದ ಮಿತಿ ಹಾಕಿದರೆ, ಪ್ರಾಮಾಣಿಕವಾಗಿ ಲೆಕ್ಕ ಹಾಕಿದವರು ಹೊರಬೀಳುತ್ತಾರೆ, ಕಣ್ಣಂದಾಜಿನಲ್ಲಿ ಬರೆದವರು ಒಳಗುಳಿಯುತ್ತಾರೆ.

ಪ್ರತಿ ಅಳತೆಯನ್ನೂ ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕು ಎಂದು ಬರೆಯಿರಿ. ಚುಕ್ಕಾಣಿ ಸೇರುತ್ತದೆಯೇ? ಮೂತಿಯಿಂದ ಮುಂದೆ ಚಾಚಿದ ಕಂಬ? ದೋಣಿಗಳ ಮುಖ್ಯ ಅಳತೆಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8666, ಕಳಚಬಹುದಾದ ಇಂಥ ಭಾಗಗಳನ್ನು ಒಡಲಿನ ಉದ್ದಕ್ಕೆ ಸೇರಿಸುವುದಿಲ್ಲ. ಅದನ್ನೇ ಅನುಸರಿಸಿದರೆ ವಾದ ತಪ್ಪುತ್ತದೆ. ತೂಕಕ್ಕೂ ಮೂರು ಸ್ಥಿತಿ ಗುರುತಿಸಿ: ಬರಿ ಒಡಲು, ಸಜ್ಜುಗೊಂಡ ಖಾಲಿ ದೋಣಿ, ಪೂರ್ತಿ ಹೊರೆ.

ದೋಣಿ ಯಾವ ನೀರಿನಲ್ಲಿ ಓಡಬೇಕು ಎಂಬುದನ್ನು ವಿಶೇಷಣದಲ್ಲಿ ಹೇಳಬೇಡಿ, ಸಂಖ್ಯೆಯಲ್ಲಿ ಹೇಳಿ. ಯುರೋಪಿಯನ್ ಒಕ್ಕೂಟದ ವಿಹಾರ ದೋಣಿ ನಿಯಮದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಡಿ ಎಂದರೆ ಗಾಳಿಯ ಬಿರುಸು ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 4ರವರೆಗಿನ ಗಾಳಿ, 0.3 ಮೀಟರ್‌ವರೆಗಿನ ಅಲೆ. ಸಿ ಎಂದರೆ 6ರವರೆಗಿನ ಗಾಳಿ, 2 ಮೀಟರ್‌ವರೆಗಿನ ಅಲೆ. ‘ವರ್ಗ ಡಿ’ ಎಂದು ಬರೆದರೆ ಒಂದು ಪುಟದ ವಿವರಣೆ ಉಳಿಯುತ್ತದೆ.

ಹಂತ 2: ಯಾರು ಹವ್ಯಾಸಿ, ಯಾರು ವೃತ್ತಿಪರ

ಸರಳ ಗೆರೆ ಸಾಕು. ದೋಣಿ ವಿನ್ಯಾಸಕ್ಕೆ ಎಂದಾದರೂ ಸಂಭಾವನೆ ಪಡೆದವರು ಅಥವಾ ವಿನ್ಯಾಸ ಕಚೇರಿಯಲ್ಲಿ ಕೆಲಸ ಮಾಡಿದವರು ವೃತ್ತಿಪರರು. ನೌಕಾ ವಿನ್ಯಾಸ ಓದುತ್ತಿರುವ ವಿದ್ಯಾರ್ಥಿಗಳು ಯಾವ ಕಡೆ ಎಂಬುದನ್ನು ಮೊದಲೇ ಬರೆಯಿರಿ. ಅತಿ ಹೆಚ್ಚು ದೂರು ಬರುವುದು ಇದರ ಮೇಲೆಯೇ. ತಂಡದಲ್ಲಿ ಒಬ್ಬ ವೃತ್ತಿಪರರಿದ್ದರೂ ಇಡೀ ತಂಡ ವೃತ್ತಿಪರ.

ಎರಡೂ ವಿಭಾಗಗಳಿಗೆ ಬೇಡಿಕೆ ಪತ್ರ ಒಂದೇ ಇರಲಿ, ತೀರ್ಪುಗಾರರೂ ಅವರೇ. ಬಹುಮಾನ ಮಾತ್ರ ಬೇರೆ. ಹವ್ಯಾಸಿಗಳಿಂದ ಕೇಳುವ ದಾಖಲೆಗಳನ್ನು ಕಡಿಮೆ ಮಾಡಬಹುದು, ಸುರಕ್ಷತೆಯ ಲೆಕ್ಕದಲ್ಲಿ ಮಾತ್ರ ವಿನಾಯಿತಿ ಕೂಡದು. ಹವ್ಯಾಸಿಗಳನ್ನು ಹಗುರವಾಗಿ ಕಾಣುವ ಆಯೋಜಕರು ಫಿನ್ ದೋಣಿಯನ್ನು ನೆನೆಯಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಒಬ್ಬರೇ ನಡೆಸುವ ಹಾಯಿದೋಣಿ ಬೇಕೆಂದು 1949ರಲ್ಲಿ ಸ್ಪರ್ಧೆ ನಡೆಯಿತು. ಸ್ವೀಡನ್ನಿನ ರಿಕಾರ್ಡ್ ಸಾರ್ಬಿ ಕಳಿಸಿದ ವಿನ್ಯಾಸಕ್ಕೆ ಕಾಗದದ ಮೇಲೆ ಬಹುಮಾನ ಸಿಗಲಿಲ್ಲ. ಅವರ ಕಸುಬು ಕ್ಷೌರ. ತಾವೇ ದೋಣಿ ಕಟ್ಟಿ ನೀರಿನ ಪರೀಕ್ಷೆಗೆ ಇಳಿಸಿದರು, ಅಲ್ಲಿ ಅದು ಉಳಿದವನ್ನೆಲ್ಲ ಹಿಂದಿಕ್ಕಿತು. ಹೆಲ್ಸಿಂಕಿಯಲ್ಲಿ ಅದೇ ವರ್ಗದಲ್ಲಿ ಸಾರ್ಬಿ ಕಂಚನ್ನೂ ಗೆದ್ದರು.

ಹಂತ 3: ಹಕ್ಕು ಮತ್ತು ನಿಯಮ

ವಿನ್ಯಾಸದ ಹಕ್ಕು ವಿನ್ಯಾಸಕರದ್ದೇ. ಆಯೋಜಕರಿಗೆ ಬೇಕಾದದ್ದು ಚಿತ್ರಗಳನ್ನು ಪ್ರದರ್ಶಿಸುವ, ಪ್ರಕಟಿಸುವ ಅನುಮತಿ ಅಷ್ಟೆ. ಗೆದ್ದ ದೋಣಿಯನ್ನು ಕಟ್ಟಿ ಮಾರುವ ಯೋಚನೆಯಿದ್ದರೆ ಪ್ರತಿ ದೋಣಿಗೆ ಎಷ್ಟು ರಾಯಧನ ಎಂಬ ಒಪ್ಪಂದ ಪ್ರತ್ಯೇಕವಾಗಿರಲಿ. ‘ಬಂದ ವಿನ್ಯಾಸಗಳೆಲ್ಲ ಆಯೋಜಕರ ಸ್ವತ್ತು’ ಎಂಬ ಸಾಲು ಕಂಡರೆ ಅನುಭವಿ ವೃತ್ತಿಪರರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಯಾರೂ ಯೋಗ್ಯರೆನಿಸದಿದ್ದರೆ ಏನು ಮಾಡುತ್ತೀರಿ? ಇದನ್ನೂ ಮೊದಲೇ ಹೇಳಿ. ಸ್ಕ್ಯಾಂಡಿನೇವಿಯಾದ ಫೋಕ್‌ಬೋಟ್ ಎಂಬ ಹಾಯಿದೋಣಿ ಹುಟ್ಟಿದ್ದು ಹೀಗೆಯೇ: ಸ್ಪರ್ಧೆಯಲ್ಲಿ ಯಾರನ್ನೂ ವಿಜೇತರೆಂದು ಘೋಷಿಸಲಿಲ್ಲ. ಮುಂದಿದ್ದ ನಾಲ್ಕು ವಿನ್ಯಾಸಗಳ ಒಳ್ಳೆಯ ಅಂಶಗಳನ್ನು ಕೂಡಿಸುವ ಕೆಲಸವನ್ನು ತೊರ್ಡ್ ಸುಂಡೇನ್ ಅವರಿಗೆ ವಹಿಸಲಾಯಿತು. ಮೊದಲ ದೋಣಿ 1942ರಲ್ಲಿ ನೀರಿಗಿಳಿಯಿತು, ದೋಣಿಯೂ ಸೊಗಸಾಗಿಯೇ ಬಂತು. ಆದರೆ ಇಂದು ನಿಯಮದಲ್ಲಿ ಬರೆಯದೆ ಹಾಗೆ ಕೂಡಿಸಲು ಹೊರಟರೆ ವ್ಯಾಜ್ಯ ಬಾಗಿಲಿಗೆ ಬರುತ್ತದೆ.

ಹಂತ 4: ವೇಳಾಪಟ್ಟಿ

ಒಟ್ಟು 28 ವಾರ ಇಟ್ಟುಕೊಳ್ಳಿ. ಮೊದಲ ಆರು ವಾರ ಪ್ರಶ್ನೆಗಳಿಗೆ. ಎಂಟನೇ ವಾರದಲ್ಲಿ ಎಲ್ಲ ಉತ್ತರಗಳನ್ನೂ ಎಲ್ಲ ಸ್ಪರ್ಧಿಗಳಿಗೂ ಒಟ್ಟಿಗೆ ಕಳಿಸಿ. ಒಬ್ಬರಿಗೆ ಫೋನಿನಲ್ಲಿ ಹೇಳಿದ ಉತ್ತರ ಪಕ್ಷಪಾತವಾಗುತ್ತದೆ. ಇಪ್ಪತ್ತನೇ ವಾರ ಸಲ್ಲಿಕೆ, ನಂತರ ತಾಂತ್ರಿಕ ಪರಿಶೀಲನೆಗೆ ನಾಲ್ಕೈದು ವಾರ, ಉಳಿದದ್ದು ತೀರ್ಪಿಗೆ. ಒಂದೊಂದು ವಿನ್ಯಾಸದ ಪರಿಶೀಲನೆಗೆ ಮೂರು ಗಂಟೆ ಎಂದರೂ 40 ವಿನ್ಯಾಸಕ್ಕೆ 120 ಗಂಟೆ. ಇದನ್ನು ತೀರ್ಪುಗಾರರ ಪುಕ್ಕಟೆ ದುಡಿಮೆಗೆ ಬಿಟ್ಟರೆ ಅರ್ಧ ವಿನ್ಯಾಸಗಳನ್ನು ಯಾರೂ ಸರಿಯಾಗಿ ತೆರೆದೂ ನೋಡುವುದಿಲ್ಲ.

ಹಂತ 5: ಏನೇನು ಕಳಿಸಬೇಕು

ರೇಖಾಚಿತ್ರ ಮೂರು ನೋಟಗಳಲ್ಲಿ (ಪಕ್ಕದಿಂದ, ಮೇಲಿಂದ, ಅಡ್ಡಕೊಯ್ತಗಳು), ಸಮ ಅಂತರದ ಹತ್ತು ಅಡ್ಡಕೊಯ್ತಗಳ ಅಳತೆಪಟ್ಟಿ, ಒಳವಿನ್ಯಾಸ, ಹಾಯಿಯ ನಕ್ಷೆ, ಕಟ್ಟುವ ವಿಧಾನ, ಪ್ಲೈವುಡ್ ಹಾಳೆಯ ಮೇಲೆ ಭಾಗಗಳ ಜೋಡಣೆ, ತೂಕದ ಪಟ್ಟಿ. ಕೈಯಿಂದ ಬರೆದ ಚಿತ್ರವನ್ನೂ ಒಪ್ಪಿಕೊಳ್ಳಿ. ಕಂಪ್ಯೂಟರ್ ಬಳಸುವ ಹವ್ಯಾಸಿಗಳಿಗೆ ಡೆಲ್ಫ್ಟ್‌ಶಿಪ್‌ನಂಥ ತಂತ್ರಾಂಶದ ಉಚಿತ ಆವೃತ್ತಿ ಇದೆ.

ಕಾಗದದ ಅಳತೆ ಮತ್ತು ಪ್ರಮಾಣ ನಿಗದಿಪಡಿಸುವಾಗ ಒಂದು ಸಣ್ಣ ತಪ್ಪು ಪದೇ ಪದೇ ಆಗುತ್ತದೆ. 4.7 ಮೀಟರಿನ ದೋಣಿ 1:10 ಪ್ರಮಾಣದಲ್ಲಿ 470 ಮಿ.ಮೀ., ಎ3 ಹಾಳೆಯ ಉದ್ದ 420 ಮಾತ್ರ. ಎ2 ಕೇಳಿ, ಇಲ್ಲವೇ 1:20 ಎನ್ನಿ. ಪ್ರತಿ ಹಾಳೆಯ ಮೇಲೂ ದೋಣಿಯ ಒಂದು ಮೀಟರ್ ಚಿತ್ರದಲ್ಲಿ ಎಷ್ಟುದ್ದ ಎಂದು ತೋರಿಸುವ ಗೆರೆ ಎಳೆದಿರಬೇಕು. ಮುದ್ರಿಸುವಾಗ ಯಂತ್ರ ಹಾಳೆಗೆ ತಕ್ಕಂತೆ ಚಿತ್ರವನ್ನು ಕುಗ್ಗಿಸಿಬಿಟ್ಟರೆ ಪ್ರಮಾಣದ ಸಂಖ್ಯೆ ಸುಳ್ಳಾಗುತ್ತದೆ, ಗೆರೆ ಸುಳ್ಳಾಗುವುದಿಲ್ಲ.

ತೂಕದ ಪಟ್ಟಿಯಲ್ಲಿ ಪ್ರತಿ ವಸ್ತುವಿನ ತೂಕದ ಜೊತೆ ಅದು ಹಿಂಬದಿಯಿಂದ ಎಷ್ಟು ದೂರ, ತಳದಿಂದ ಎಷ್ಟು ಎತ್ತರ ಎಂಬುದೂ ಇರಲಿ. ಅಂಟು, ಬಣ್ಣ, ಮೊಳೆಗಳನ್ನು ಎಲ್ಲರೂ ಮರೆಯುವುದರಿಂದ ಶೇ 5ರಿಂದ 10ರಷ್ಟು ಹೆಚ್ಚುವರಿ ಕಡ್ಡಾಯ ಮಾಡಿ.

ಹೆಸರು ಎಲ್ಲಿಯೂ ಕಾಣಬಾರದು. ಸ್ಪರ್ಧಿ ತಾನೇ ಆರಿಸಿದ ಆರು ಅಂಕಿಯ ಸಂಕೇತ ಮಾತ್ರ ಹಾಳೆಯ ಮೇಲಿರಲಿ. ಹೆಸರಿನ ಪಟ್ಟಿ ಮತದ ಹಕ್ಕಿಲ್ಲದ ಕಾರ್ಯದರ್ಶಿಯ ಬಳಿ ಮಾತ್ರ. ಪಿಡಿಎಫ್ ಕಡತದ ಒಳಮಾಹಿತಿಯಲ್ಲಿ ಲೇಖಕರ ಹೆಸರು ತಾನಾಗಿ ಕೂತಿರುತ್ತದೆ. ತೀರ್ಪುಗಾರರಿಗೆ ಕಳಿಸುವ ಮುನ್ನ ಕಾರ್ಯದರ್ಶಿ ಅದನ್ನು ಅಳಿಸಬೇಕು.

ಹಂತ 6: ತಾಂತ್ರಿಕ ಪರಿಶೀಲನೆ

ಸ್ಪರ್ಧೆಯ ನಿಜವಾದ ಕೆಲಸ ಇಲ್ಲಿದೆ. ಮೊದಲ ಪ್ರಶ್ನೆ: ಚಿತ್ರದಲ್ಲಿ ನೀರಿನ ಮಟ್ಟವೆಂದು ಬರೆದ ಜಲರೇಖೆಯಲ್ಲೇ ದೋಣಿ ತೇಲುತ್ತದೆಯೇ? ನಮ್ಮ ದೋಣಿಯ ಹೊರೆ ನೋಡಿ. ಒಡಲು 70, ಹಾಯಿ ಮತ್ತು ಹುಟ್ಟು ಇತ್ಯಾದಿ 30, ತಲಾ 75 ಕೆ.ಜಿ.ಯ ಇಬ್ಬರು, ಮಗು 40, ಸಾಮಾನು 20. ಒಟ್ಟು 310 ಕೆ.ಜಿ. ಚಿತ್ರದಲ್ಲಿ ಮುಳುಗಿದ ಭಾಗದ ಗಾತ್ರ 0.24 ಘನ ಮೀಟರ್ ಬಂದರೆ, ಸಿಹಿನೀರಿನಲ್ಲಿ ಅದು ಹೊರುವುದು 240 ಕೆ.ಜಿ. ಮಾತ್ರ. 70 ಕೆ.ಜಿ. ಕೊರತೆ. ಜಲರೇಖೆಯ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ 3.8 ಚದರ ಮೀಟರ್ ಆದರೆ ಒಂದು ಸೆಂ.ಮೀ. ಮುಳುಗಲು 38 ಕೆ.ಜಿ. ಬೇಕು, ದೋಣಿ ಸುಮಾರು 1.8 ಸೆಂ.ಮೀ. ಹೆಚ್ಚು ಮುಳುಗುತ್ತದೆ. ಕೇಳಲು ಅಲ್ಪ. ಆದರೆ ಹಿಂಬದಿಯ ಹಲಗೆ ನೀರಿಗಿಳಿದು ಎಳೆಯತೊಡಗಿದರೆ ಹುಟ್ಟು ಹಾಕುವವರ ತೋಳಿಗೆ ಅದು ಅಲ್ಪವಲ್ಲ. ಗಾತ್ರವನ್ನು ಹತ್ತು ಅಡ್ಡಕೊಯ್ತಗಳ ವಿಸ್ತೀರ್ಣದಿಂದ ಸಿಂಪ್ಸನ್ ಸೂತ್ರದಲ್ಲಿ ಕೈಯಲ್ಲೇ ಕಂಡುಹಿಡಿಯಬಹುದು. ಸೂತ್ರಕ್ಕೆ ಭಾಗಗಳು ಸಮಸಂಖ್ಯೆಯಲ್ಲಿರಬೇಕು, ಹಾಗಾಗಿ ಎರಡು ತುದಿಗಳಲ್ಲೊಂದನ್ನು ಹನ್ನೊಂದನೆಯ ಕೊಯ್ತವಾಗಿ ಎಣಿಸಿ.

ಮುಂದಿನದು ವಾಲುವಿಕೆ, ಅಂದರೆ ದೋಣಿ ಮೂತಿಯ ಕಡೆಗೋ ಹಿಂಬದಿಯ ಕಡೆಗೋ ತಗ್ಗುವುದು. ಒಟ್ಟು ತೂಕದ ಗುರುತ್ವಕೇಂದ್ರವೂ ಮುಳುಗಿದ ಗಾತ್ರದ ಕೇಂದ್ರವೂ ಉದ್ದಳತೆಯಲ್ಲಿ ಒಂದರ ಮೇಲೊಂದು ಬರಬೇಕು. 4.3 ಮೀಟರ್ ಜಲರೇಖೆಯ ದೋಣಿಯಲ್ಲಿ ನಾಲ್ಕೈದು ಸೆಂ.ಮೀ. ವ್ಯತ್ಯಾಸವನ್ನು ಕೂರುವ ಜಾಗ ಸರಿಸಿ ಸುಧಾರಿಸಬಹುದು, ಹದಿನೈದು ಸೆಂ.ಮೀ. ಆದರೆ ವಿನ್ಯಾಸವೇ ತಪ್ಪು.

ಪ್ಲೈವುಡ್ ಒಂದು ದಿಕ್ಕಿಗೆ ಬಾಗುತ್ತದೆ, ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗದು. ಪರದೆಯ ಮೇಲೆ ಮೋಹಕವಾಗಿ ತೋರುವ ಎಷ್ಟೋ ಒಡಲುಗಳು ಈ ಪರೀಕ್ಷೆಯಲ್ಲಿ ಬೀಳುತ್ತವೆ. ಸಂಶಯವಿದ್ದರೆ 1:10ರಲ್ಲಿ ದಪ್ಪ ಕಾಗದ ಕತ್ತರಿಸಿ ಜೋಡಿಸಿ. ಸುಕ್ಕುಗಟ್ಟಿದರೆ ಪ್ಲೈವುಡ್ಡೂ ಒಪ್ಪುವುದಿಲ್ಲ.

ನೀರು ತುಂಬಿದರೂ ದೋಣಿ ಮುಳುಗದಂತೆ ಇಡುವ ಗಾಳಿಪೆಟ್ಟಿಗೆಗಳ ಗಾತ್ರವನ್ನು ಲೀಟರಿನಲ್ಲಿ, ಜಾಗ ಸಮೇತ ಕೇಳಿ. ಎಲ್ಲವೂ ಮುಂಭಾಗದಲ್ಲಿದ್ದರೆ ನೀರು ತುಂಬಿದ ದೋಣಿ ಹಿಂಬದಿಯಿಂದ ಮುಳುಗಿ ನೆಟ್ಟಗೆ ನಿಲ್ಲುತ್ತದೆ. ಪಕ್ಕಗಳಲ್ಲಿ ಅತಿಯಾದರೆ ಮಗುಚಿದ ದೋಣಿ ನೀರಿನ ಮೇಲೆ ಎತ್ತರಕ್ಕೆ ತೇಲಿ, ಗಾಳಿಗೆ ಸಿಕ್ಕಿ, ಈಜುವವರ ಕೈಗೆ ಸಿಗದಷ್ಟು ದೂರ ಸಾಗುತ್ತದೆ. ‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಇಲ್ಲಿ ಅಪಾಯಕಾರಿ.

ಹಂತ 7: ತೀರ್ಪು

ಮೂವರು ಅಥವಾ ಐವರು ತೀರ್ಪುಗಾರರು. ಒಬ್ಬರು ನೌಕಾ ವಿನ್ಯಾಸಕರು, ಒಬ್ಬರು ದೋಣಿ ಕಟ್ಟುವವರು, ಒಬ್ಬರು ಇಂಥ ದೋಣಿ ನಡೆಸುವವರು ಇರಲೇಬೇಕು. ಅಂಕಗಳನ್ನು ಮೊದಲೇ ಪ್ರಕಟಿಸಿ: ಬೇಡಿಕೆಗೆ ಹೊಂದಿಕೆ 25, ತೇಲುವಿಕೆ ಮತ್ತು ಸುರಕ್ಷತೆ 25, ಕಟ್ಟುವ ಸುಲಭ ಮತ್ತು ವೆಚ್ಚ 20, ಬಳಕೆ 20, ಚಿತ್ರಗಳ ಸ್ಪಷ್ಟತೆ 10. ಕೊನೆಯದಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟರೆ ಬಣ್ಣದ ಚಿತ್ರಗಳೇ ಗೆಲ್ಲುತ್ತವೆ.

ಅಂಕಗಳನ್ನು ಸುಮ್ಮನೆ ಕೂಡಬೇಡಿ. ಒಬ್ಬ ತೀರ್ಪುಗಾರರು 40ರಿಂದ 90ರವರೆಗೆ ಹರಡಿ ಕೊಡುತ್ತಾರೆ, ಇನ್ನೊಬ್ಬರು 70ರಿಂದ 80ರೊಳಗೆ. ಕೂಡಿದರೆ ಮೊದಲಿನವರ ಅಭಿಪ್ರಾಯವೇ ಫಲಿತಾಂಶವಾಗುತ್ತದೆ. ಪ್ರತಿಯೊಬ್ಬರ ಅಂಕವನ್ನೂ ಕ್ರಮಾಂಕಕ್ಕೆ ಬದಲಿಸಿ, ಕ್ರಮಾಂಕಗಳನ್ನು ಕೂಡಿ, ಮುಂದಿರುವ ಐದಾರು ವಿನ್ಯಾಸಗಳ ಮೇಲೆ ಮಾತ್ರ ಚರ್ಚೆ ನಡೆಸಿ.

ಹಂತ 8: ನೀರಿಗಿಳಿಸುವುದು

ಹಣವಿದ್ದರೆ ಅಂತಿಮ ಮೂರಕ್ಕೆ ಸಾಮಗ್ರಿ ವೆಚ್ಚ ಕೊಟ್ಟು ಕಟ್ಟಿಸಿ. ಸಾಲದಿದ್ದರೆ 1:5 ಮಾದರಿ ಕೇಳಬಹುದು. ಮಾದರಿಯ ತೂಕ ಪ್ರಮಾಣದ ಘನದಂತೆ ಇಳಿಯುವುದರಿಂದ 310 ಕೆ.ಜಿ.ಯ ದೋಣಿಗೆ 2.48 ಕೆ.ಜಿ. ಇರಬೇಕು. ತೇಲುವ ರೇಖೆ, ವಾಲುವಿಕೆ, ಅಲೆ ಎಬ್ಬಿಸುವ ರೀತಿ ಅದರಲ್ಲಿ ಕಾಣುತ್ತದೆ. ಹಾಯಿಯ ಪರೀಕ್ಷೆಗೆ ಮಾತ್ರ ಅದು ಒಗ್ಗದು. ಅದೇ ಗಾಳಿಯಲ್ಲಿ ಓರೆಯಾಗಿಸುವ ತಿರುಗುಬಲ ಉದ್ದದ ಘನದಂತೆ ಇಳಿದರೆ, ನೆಟ್ಟಗಾಗಿಸುವ ತಿರುಗುಬಲ ನಾಲ್ಕನೇ ಘಾತದಂತೆ ಇಳಿಯುತ್ತದೆ. ಒಳ್ಳೆಯ ದೋಣಿಯ ಮಾದರಿಯೂ ಮಗುಚುತ್ತದೆ.

ಕಟ್ಟಿದ ದೋಣಿ ಬಂದಾಗ ಓಟಕ್ಕೆ ಮೊದಲು ತೂಗಿ. ಮುಂದೊಂದು, ಹಿಂದೊಂದು ತಕ್ಕಡಿ ಇಟ್ಟರೆ ತೂಕದ ಜೊತೆ ಗುರುತ್ವಕೇಂದ್ರವೂ ಸಿಗುತ್ತದೆ. ಆಮೇಲೆ ಅಂಚಿನವರೆಗೆ ನೀರು ತುಂಬಿಸಿ ಇಬ್ಬರನ್ನು ಕೂರಿಸಿ, ಬಕೆಟ್ಟಿನಲ್ಲಿ ನೀರು ಹೊರಚೆಲ್ಲಲು ಆಗುತ್ತದೆಯೇ ನೋಡಿ. ಚೆಲ್ಲಿದ್ದಕ್ಕಿಂತ ಬೇಗ ನೀರು ಒಳಬಂದರೆ ಆ ದೋಣಿಗೆ ಓಟದ ಸಾಲಿನಲ್ಲಿ ಜಾಗವಿಲ್ಲ. ಕಟ್ಟಿ ಪರೀಕ್ಷಿಸದ ವಿನ್ಯಾಸಗಳನ್ನು ಪ್ರಕಟಿಸುವಾಗ ಪ್ರತಿ ಹಾಳೆಯ ಮೇಲೂ ‘ಕಟ್ಟಲು ಪರಿಶೀಲಿಸಿಲ್ಲ’ ಎಂದು ಮುದ್ರಿಸಿ.