ಸ್ಪ್ರೇ ಪಕ್ಕಕ್ಕಿಡಿ, ಮೊದ್ಲು ಜಿರಳೆ ಗೂಡು ಹುಡುಕಿ

ಜಿರಳೆ ಕಂಡ ಕೂಡ್ಲೇ ಎಲ್ರ ಕೈ ಹೋಗೋದು ಸ್ಪ್ರೇ ಡಬ್ಬಿಗೆ. ಎಡವಟ್ಟಾಗೋದೇ ಅಲ್ಲಿ. ಸ್ಪ್ರೇಗೆ ಸಾಯೋದು ಹೊರಗೆ ಓಡಾಡ್ತಿರೋ ನಾಲ್ಕೈದು ಮಾತ್ರ, ಉಳಿದವೆಲ್ಲ ಸಂದಿಯೊಳಗೆ ಆರಾಮಾಗಿರ್ತವೆ, ಮೊಟ್ಟೆ ಚೀಲದ ಸಿಪ್ಪೆ ಗಟ್ಟಿ ಇರೋದ್ರಿಂದ ಅದ್ರೊಳಗೆ ವಿಷ ಇಳಿಯೋದೇ ಕಷ್ಟ, ಜೊತೆಗೆ ಸುಮಾರು ಸ್ಪ್ರೇಗಳ ವಾಸನೆಗೆ ಅವು ಅಡುಗೆಮನೆ ಬಿಟ್ಟು ಬೇರೆ ರೂಮಿಗೆ ಹೋಗಿ ಸೇರ್ಕೊಳ್ತವೆ. ಹೊಗೆ ಬಾಂಬ್ ಥರದ್ದೂ ಅಷ್ಟೇ, ಸಂದಿಯೊಳಗೆ ಸರಿಯಾಗಿ ಹೋಗಲ್ಲ, ಬೆಂಕಿ ಹತ್ತೋ ಅಪಾಯ ಬೇರೆ.

ಮೊದ್ಲು ಯಾವ ಜಿರಳೆ ಅಂತ ನೋಡ್ಕೊಳ್ಳಿ. ದೊಡ್ಡದು, ಕೆಂಪು ಮಿಶ್ರಿತ ಕಂದು ಬಣ್ಣ, 4 ಸೆಂಟಿಮೀಟರ್ ಹತ್ತಿರ ಉದ್ದ ಇದ್ರೆ ಅದು ಹೆಚ್ಚಾಗಿ ಚರಂಡಿ ಪೈಪಿಂದ ಬಂದಿರತ್ತೆ. ಡ್ರೈನಿಗೆ ಸಣ್ಣ ಕಣ್ಣಿನ ಜಾಲಿ ಹಾಕಿ, ಬಳಸದೇ ಇರೋ ಬಾತ್‌ರೂಮಿದ್ರೆ ಆಗಾಗ ಒಂದು ಮಗ್ ನೀರು ಹುಯ್ದು ಟ್ರ್ಯಾಪ್ (ಪೈಪಿನೊಳಗೆ ನೀರು ನಿಲ್ಲೋ ಭಾಗ) ಒಣಗದ ಹಾಗೆ ನೋಡ್ಕೊಳ್ಳಿ, ಅರ್ಧ ಕಾಟ ಅಲ್ಲೇ ಕಮ್ಮಿ ಆಗತ್ತೆ. ನಿಜವಾದ ತಲೆನೋವು ಚಿಕ್ಕದು. ಒಂದೂವರೆ ಸೆಂಟಿಮೀಟರ್ ಒಳಗೆ, ತಿಳಿ ಕಂದು, ತಲೆ ಹಿಂದೆ ಎರಡು ಕಪ್ಪು ಗೆರೆ, ಇದಕ್ಕೆ ಜರ್ಮನ್ ಜಿರಳೆ ಅಂತಾರೆ. ಹೆಣ್ಣು ಮೊಟ್ಟೆ ಚೀಲಾನ ಮರಿ ಆಗೋ ತನಕ ಹೊಟ್ಟೆಯ ತುದಿಯಲ್ಲೇ ಅಂಟಿಸ್ಕೊಂಡು ತಿರುಗತ್ತೆ, ಒಂದು ಚೀಲದಲ್ಲಿ 30-40 ಮರಿ, ಬೆಚ್ಚಗಿನ ಜಾಗ ಸಿಕ್ರೆ ಅವು ಎರಡು ಮೂರು ತಿಂಗಳಲ್ಲಿ ಬೆಳೆದು ತಾವೂ ಮೊಟ್ಟೆ ಹೊರೋಕೆ ಶುರು ಮಾಡ್ತವೆ.

ಆಮೇಲೆ ಗೂಡು ಹುಡುಕೋ ಕೆಲಸ, ದಯವಿಟ್ಟು ಇದಕ್ಕೆ ಟೈಮ್ ಕೊಡಿ. ರಾತ್ರಿ ಲೈಟ್ ಆಫ್ ಮಾಡಿ ಒಂದೆರಡು ಗಂಟೆ ಬಿಟ್ಟು ಟಾರ್ಚ್ ಹಿಡ್ಕೊಂಡು ಹೋಗಿ, ಕಪಾಟಿನ ಹಿಂಜಸ್ಸು, ಗ್ಯಾಸ್ ಸ್ಟೌ ತಳ, ಫ್ರಿಡ್ಜ್ ಹಿಂದಿನ ಮೋಟಾರ್, ಮಿಕ್ಸಿ ಅಡಿ, ಸಿಂಕ್ ಪೈಪ್ ಗೋಡೆಯೊಳಗೆ ಹೋಗೋ ತೂತು, ಎಲ್ಲ ನೋಡಿ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಕಂಡ್ರೆ ಅದು ಹಿಕ್ಕೆ, ಗೂಡು ಅಲ್ಲೇ ಎಲ್ಲೋ ಇದೆ. ಅನುಮಾನ ಇದ್ರೆ ಅಂಟಿನ ಟ್ರ್ಯಾಪ್ ಕಾರ್ಡುಗಳನ್ನ ಗೋಡೆ ಮೂಲೆಗೆ ಒತ್ತಿ ಮೂರ್ನಾಲ್ಕು ರಾತ್ರಿ ಇಡಿ. ಯಾವ ಕಾರ್ಡಲ್ಲಿ ಸಣ್ಣ ಮರಿಗಳು ಜಾಸ್ತಿ ಸಿಕ್ಕಿವೆಯೋ ಆ ಜಾಗ ಗುರುತು ಮಾಡ್ಕೊಳ್ಳಿ, ಯಾಕಂದ್ರೆ ಮರಿಗಳು ಗೂಡು ಬಿಟ್ಟು ದೂರ ಹೋಗಲ್ಲ.

ಈಗ ಕ್ಲೀನಿಂಗ್. ಊಟಕ್ಕಿಂತ ನೀರು ಬಂದ್ ಮಾಡೋದು ಮುಖ್ಯ, ಈ ಚಿಕ್ಕ ಜಿರಳೆ ನೀರಿದ್ರೆ ಊಟ ಇಲ್ದೆ ಒಂದು ತಿಂಗಳು ತಳ್ಳತ್ತೆ, ನೀರೇ ಇಲ್ದಿದ್ರೆ ಎರಡು ವಾರ ದಾಟೋದು ಕಷ್ಟ. ತೊಟ್ಟಿಕ್ಕೋ ನಲ್ಲಿ ರಿಪೇರಿ ಮಾಡ್ಸಿ, ಮಲಗೋ ಮುಂಚೆ ಸಿಂಕ್ ಒರೆಸಿ ಒಣಗಿಸಿ. ಸ್ಟೌ ಪಕ್ಕದ ಜಿಡ್ಡು, ಮುಚ್ಚಳ ಇಲ್ಲದ ಡಸ್ಟ್‌ಬಿನ್, ಹಳೇ ರಟ್ಟಿನ ಬಾಕ್ಸು ಯಾವ್ದೂ ಬೇಡ. ಹಿಕ್ಕೆ, ಕಳಚಿದ ಪೊರೆ ಇರೋ ಕಡೆ ಪೊರಕೆ ಆಡಿಸ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ. ಆ ಧೂಳಿಂದ ಉಬ್ಬಸ ಇರೋ ಮಕ್ಕಳಿಗೆ ತುಂಬಾ ತೊಂದ್ರೆ ಆಗತ್ತೆ, ಜಿರಳೆ ವಿಷ್ಯದಲ್ಲಿ ನಾನು ಇಷ್ಟು ಒತ್ತಿ ಹೇಳೋಕೆ ದೊಡ್ಡ ಕಾರಣ ಇದೇ.

ಇಷ್ಟಾದ್ಮೇಲೆ ಜೆಲ್. ಜಿರಳೆ ತಿನ್ನೋಕೆ ಅಂತಾನೇ ವಿಷ ಬೆರೆಸಿರೋ ಸಿರಿಂಜ್ ಜೆಲ್ ಸಿಗತ್ತೆ, ಲೇಬಲ್ ಮೇಲೆ ಫಿಪ್ರೊನಿಲ್ ಅಥವಾ ಇಂಡಾಕ್ಸಾಕಾರ್ಬ್ ಅಂತ ಕೀಟನಾಶಕದ ಹೆಸರು ಇರೋದು ನೋಡಿ ತನ್ನಿ. ಒಂದೇ ಕಡೆ ದೊಡ್ಡ ಮುದ್ದೆ ಹಾಕ್ಬೇಡಿ, ಸಣ್ಣ ಸಣ್ಣ ಬೊಟ್ಟು, ಜಾಸ್ತಿ ಜಾಗದಲ್ಲಿ, ಗೂಡಿಗೆ ಎಷ್ಟು ಹತ್ತಿರ ಆಗತ್ತೋ ಅಷ್ಟು ಹತ್ತಿರ. ತಿಂದ ಜಿರಳೆ ಗೂಡಿಗೆ ವಾಪಸ್ ಹೋಗಿ ಸಾಯತ್ತೆ, ಅದ್ರ ಹಿಕ್ಕೆ ಮತ್ತೆ ಹೆಣ ತಿಂದು ಹೊರಗೇ ಬರದ ಮರಿಗಳೂ ಸಾಯ್ತವೆ, ಸ್ಪ್ರೇಗೂ ಜೆಲ್‌ಗೂ ಇರೋ ವ್ಯತ್ಯಾಸ ಪೂರ್ತಿ ಇದ್ರಲ್ಲೇ ಇದೆ. ಹಾಗಾಗಿ ಜೆಲ್ ಹಾಕಿದ ಕಡೆ ಸ್ಪ್ರೇ, ಫಿನಾಯಿಲ್ ಏನೂ ಸೋಕಿಸ್ಬೇಡಿ, ಸೋಕಿದ್ರೆ ಅವು ಬಾಯಿ ಹಾಕಲ್ಲ. ಮಕ್ಕಳು, ನಾಯಿ ಬೆಕ್ಕಿಗೆ ಎಟುಕೋ ಕಡೆ, ಪಾತ್ರೆ ಇಡೋ ಕಡೆ ಬೇಡ, ಸ್ವಿಚ್ ಬೋರ್ಡ್ ಒಳಗಂತೂ ಬೇಡವೇ ಬೇಡ. ಒಣಗಿದ ಬೊಟ್ಟು ಕೆರೆದು ಹೊಸದು ಹಾಕಿ.

ಬೋರಿಕ್ ಪೌಡರ್ ಕೂಡ ಒಳ್ಳೇದೇ, ಆದ್ರೆ ರಾಶಿ ಸುರಿದ್ರೆ ಅವು ಸುತ್ತು ಹಾಕಿ ಹೋಗ್ತವೆ. ಕಂಡೂ ಕಾಣದಷ್ಟು ತೆಳ್ಳಗೆ, ಒಣಗಿರೋ ಸಂದಿಗಳಲ್ಲಿ ಮಾತ್ರ, ಊಟದ ಸಾಮಾನಿಂದ ದೂರ ಹಾಕಿ. ಕಾಲಿಗೆ ಅಂಟಿದ ಪುಡೀನ ಮೈ ಕ್ಲೀನ್ ಮಾಡ್ಕೊಳ್ಳೋವಾಗ ನೆಕ್ಕಿ ಸಾಯ್ತವೆ.

ಮೊದಲ ವಾರ ಹಗಲಲ್ಲೇ ತೂರಾಡೋ ಜಿರಳೆ ಕಂಡ್ರೆ ಗಾಬರಿ ಬೇಡ, ಜೆಲ್ ಕೆಲ್ಸ ಮಾಡ್ತಿದೆ ಅಂತ ಅರ್ಥ. ಆದ್ರೆ ಮೊಟ್ಟೆ ಚೀಲ ಒಡೆಯೋಕೆ ಸುಮಾರು ಒಂದು ತಿಂಗಳು ಹಿಡಿಯೋದ್ರಿಂದ ಎರಡನೇ ರೌಂಡ್ ಜೆಲ್ ತಪ್ಪಿಸ್ಬೇಡಿ, ಎಲ್ಲಾ ಹೋಯ್ತು ಅಂತ ಸುಮ್ಮನಾದ್ರೆ ಆ ಮರಿಗಳಿಂದ ಮತ್ತೆ ಶುರು. ಜೆಲ್ ಮುಟ್ತಾನೇ ಇಲ್ಲ ಅಂದ್ರೆ ಬೇರೆ ಥರದ ಆಮಿಷ ಬೆರೆಸಿರೋ ಜೆಲ್ ತನ್ನಿ, ಯಾಕಂದ್ರೆ ಜರ್ಮನ್ ಜಿರಳೆಗಳಲ್ಲಿ ಕೆಲವಕ್ಕೆ ಆಮಿಷದಲ್ಲಿರೋ ಗ್ಲೂಕೋಸ್ ರುಚಿ ಕಂಡ್ರೆ ದೂರ ಸರಿಯೋ ಸ್ವಭಾವ ಬಂದ್ಬಿಟ್ಟಿದೆ. ಅಪಾರ್ಟ್‌ಮೆಂಟಾದ್ರೆ ಪೈಪ್ ಸುತ್ತ ಇರೋ ತೂತುಗಳನ್ನ ಸಿಮೆಂಟ್ ಅಥವಾ ಸೀಲೆಂಟ್ ಹಾಕಿ ಮುಚ್ಚಿ, ಪಕ್ಕದ ಮನೆಯವ್ರಿಗೂ ಹೇಳಿ ಒಂದೇ ವಾರದಲ್ಲಿ ಇಬ್ರೂ ಜೆಲ್ ಹಾಕಿ, ಮುಂದೆ ಎರಡು ಮೂರು ತಿಂಗಳು ಟ್ರ್ಯಾಪ್ ಕಾರ್ಡ್ ಮಾತ್ರ ತೆಗೀಬೇಡಿ.