ಒಂದೇ ಕುಂಡ, ವರ್ಷಕ್ಕೆ ಮೂರು ಸುತ್ತು ಹೂ

ಡಿಸೆಂಬರಿನಲ್ಲಿ ಕಣ್ಣು ಕೋರೈಸುವಂತಿದ್ದ ಹೂಕುಂಡಗಳು ಜುಲೈ ಹೊತ್ತಿಗೆ ಪಾಚಿ ಹಿಡಿದು ನಿಂತಿರುವುದನ್ನು ಚಿಕ್ಕಮಗಳೂರಿನ ಎಷ್ಟೋ ಅಂಗಳಗಳಲ್ಲಿ ಕಾಣಬಹುದು. ಚಳಿಗಾಲದ ಪೆಟೂನಿಯಾವನ್ನೇ ಮಳೆಗಾಲಕ್ಕೂ ಎಳೆದರೆ ಹಾಗಾಗದೆ ಇನ್ನೇನು? ನಮ್ಮ ಹವೆಗೆ ಕುಂಡದ ಗಿಡಗಳನ್ನು ಅಕ್ಟೋಬರ್ ಕೊನೆ, ಫೆಬ್ರುವರಿ ಕೊನೆ ಮತ್ತು ಮೇ, ಹೀಗೆ ಮೂರು ಸಲ ಬದಲಿಸಬೇಕು. ಇರುವ ಹೂ ಬಾಡುವ ಆರು ವಾರ ಮೊದಲೇ ಮುಂದಿನ ಸುತ್ತಿನ ಸಸಿ ಹಿತ್ತಿಲಲ್ಲಿ ಏಳುತ್ತಿರಬೇಕು. ಕಾಫಿ ಸಸಿ ಮಾಡುವ 9×6 ಇಂಚಿನ ಪಾಲಿಥೀನ್ ಚೀಲ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಕುಂಡ, ಮಣ್ಣು

12 ಇಂಚಿಗಿಂತ ಚಿಕ್ಕ ಕುಂಡದಲ್ಲಿ ಗುಂಪು ಹೂ ನಿಲ್ಲದು. ತಳದಲ್ಲಿ ಬೆರಳು ತೂರುವಷ್ಟು ದಪ್ಪದ ನಾಲ್ಕೈದು ತೂತು ಇರಲಿ. ತಳಕ್ಕೆ ಜಲ್ಲಿ ಸುರಿಯುವ ಅಭ್ಯಾಸ ಬಿಟ್ಟುಬಿಡಿ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ, ಮೇಲಿನ ಮಣ್ಣು ತೊಪ್ಪೆಯಾದ ಮೇಲಷ್ಟೇ ಇಳಿಯುತ್ತದೆ. ಮೂರಿಂಚು ಜಲ್ಲಿ ಹಾಕಿದರೆ ಆ ತೊಪ್ಪೆ ಪದರ ಬೇರಿಗೆ ಮೂರಿಂಚು ಹತ್ತಿರ ಬಂದಂತೆ. ತೂತಿನ ಮೇಲೆ ಹೆಂಚಿನ ಚೂರೊಂದನ್ನು ಬೋರಲು ಇಟ್ಟರೆ ಸಾಕು.

ಎರಡು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಕುಂಡವೊಂದಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಮಳೆಗಾಲದ ಸುತ್ತಿಗೆ ಕೋಕೋಪೀಟ್ ಬೇಡ, ಅದು ನೀರು ಹಿಡಿದಿಡುತ್ತದೆ. ಬದಲಿಗೆ ಅರ್ಧ ಬುಟ್ಟಿ ಮರಳು, ಅರ್ಧ ಬುಟ್ಟಿ ಭತ್ತದ ಹೊಟ್ಟು ಹಾಕಿ. ತೋಟದವರ ಮನೆಯಲ್ಲಿ ಕಾಫಿ ಸಿಪ್ಪೆ ರಾಶಿ ಬಿದ್ದಿರುತ್ತದೆ, ಹಸಿಯದನ್ನು ಬೆರೆಸುವ ಆಸೆ ಬೇಡ. ಕಳಿಯುವಾಗ ಬಿಸಿಯಾಗುತ್ತದೆ, ಮಣ್ಣಿನ ಸಾರಜನಕವನ್ನೂ ತಾನೇ ಉಂಡು ಗಿಡವನ್ನು ಹಳದಿ ಮಾಡುತ್ತದೆ. ಪೂರ್ತಿ ಕಳಿತು ಕಪ್ಪಾಗಿ, ಮಣ್ಣಿನ ವಾಸನೆ ಬಂದದ್ದಾದರೆ ಒಳ್ಳೆಯ ಗೊಬ್ಬರ.

ಅಂಚಿನಿಂದ ಒಂದೂವರೆ ಇಂಚು ಬಿಟ್ಟು ತುಂಬಿ, ಎರಡು ಸಲ ನೀರು ಹೊಯ್ದು ನೋಡಿ. ಎರಡನೆಯ ಸಲದ ನೀರು ಒಂದೆರಡು ನಿಮಿಷದಲ್ಲಿ ಮೇಲಿಂದ ಮಾಯವಾಗಬೇಕು. ನಿಂತೇ ಇದ್ದರೆ ಮಣ್ಣನ್ನು ಹೊರಗೆ ಸುರಿದು ಮರಳು ಹೆಚ್ಚಿಸಿ. ಬೇಸರದ ಕೆಲಸವೇ, ಆದರೆ ನೆಟ್ಟ ಮೇಲೆ ಇದನ್ನು ಸರಿಪಡಿಸಲಾಗದು.

ಚಳಿಗಾಲದ ಸುತ್ತು

ಹಾಸನದ ಕಡೆ ಮಳೆ ಕಡಿಮೆ, ಅಕ್ಟೋಬರ್ ಮಧ್ಯದಲ್ಲೇ ನೆಡಬಹುದು. ಮೂಡಿಗೆರೆ, ಸಕಲೇಶಪುರದವರು ಮಳೆ ಪೂರ್ತಿ ಬಿಡುವವರೆಗೆ ಕಾಯಲಿ. ನಡುವೆ ಒಂದು ಕೆಂಪು ಸಾಲ್ವಿಯಾ, ಸುತ್ತ ಮೂರು ಪೆಟೂನಿಯಾ, ಅಂಚಿಗೆ ಎರಡು ಬಿಳಿ ಅಲಿಸಮ್. ಒಂದು ಕುಂಡಕ್ಕೆ ಆರೇ ಗಿಡ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು, ಮಣ್ಣು ಮುಚ್ಚಿದರೆ ಹುಟ್ಟುವುದಿಲ್ಲ. ಹೊಸಬರು ಸಸಿಯನ್ನೇ ಕೊಳ್ಳುವುದು ಮೇಲು. ಆರಿಂಚು ಬೆಳೆದಾಗ ಕುಡಿ ಚಿವುಟಿ. 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವುದು) ಲೀಟರ್ ನೀರಿಗೆ 2 ಗ್ರಾಂ ಕರಗಿಸಿ, 15 ದಿನಕ್ಕೊಮ್ಮೆ ಬುಡಕ್ಕೆ ಕೊಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದ ಜಗಲಿಯಲ್ಲಿ ಗಿಡ ಉದ್ದವಾಗಿ ಎಳೆದುಕೊಳ್ಳುತ್ತದೆ, ಮೊಗ್ಗು ಮಾತ್ರ ಕಟ್ಟುವುದಿಲ್ಲ.

ಬೇಸಿಗೆಗೆ ಜೀನಿಯಾ, ನಿತ್ಯಪುಷ್ಪ, ಟೇಬಲ್ ರೋಸ್. ಇವಕ್ಕೆ ಆರೈಕೆ ಕಮ್ಮಿ. ಜೀನಿಯಾದ ಎಲೆಗೆ ನೀರು ಸಿಂಪಡಿಸದೆ ಬುಡಕ್ಕೇ ಹೊಯ್ದರೆ ಎಲೆರೋಗ ಅಷ್ಟಾಗಿ ಬರುವುದಿಲ್ಲ.

ಮಳೆಗಾಲ: ಡೇರೆಯ ಕಾಲ

ಮಲೆನಾಡಿನ ಅಂಗಳಕ್ಕೆ ಡೇರೆಯಷ್ಟು, ಅಂದರೆ ಡೇಲಿಯಾದಷ್ಟು, ಒಪ್ಪುವ ಹೂ ಇನ್ನೊಂದಿಲ್ಲ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಮಣ್ಣು ತಣಿದ ಮೇಲೆ, ಮೇ ತಿಂಗಳಲ್ಲಿ ಗಡ್ಡೆ ನೆಡಿ. ಗಡ್ಡೆ ಎಷ್ಟೇ ದಪ್ಪವಿರಲಿ, ಹಳೆಯ ಕಾಂಡದ ಬುಡಕ್ಕೆ ಅಂಟಿದ ಕತ್ತಿನಲ್ಲಿ ಕಣ್ಣಿಲ್ಲದಿದ್ದರೆ ಚಿಗುರುವುದಿಲ್ಲ. ಆ ಕತ್ತನ್ನು ಬೆಳಕಿಗೆ ಹಿಡಿದು ನೋಡಿ, ಸಾಸಿವೆಯಷ್ಟು ಉಬ್ಬು, ತುಸು ಕೆಂಪು ಬಣ್ಣ ಕಾಣಬೇಕು.

ಕುಂಡಕ್ಕೆ ಒಂದೇ ಗಡ್ಡೆ, ಮೂರಿಂಚು ಆಳ. ಅಡಿಕೆ ದಬ್ಬೆಯ ಊರುಗೋಲನ್ನು ನೆಡುವಾಗಲೇ ನಿಲ್ಲಿಸಿ; ಆಮೇಲೆ ಚುಚ್ಚಿದರೆ ಗಡ್ಡೆಗೆ ಗಾಯವಾಗಿ ಕೊಳೆಯುತ್ತದೆ. ಮೊಳಕೆ ಮೇಲೆ ಬರುವವರೆಗೆ ನೀರು ತೀರಾ ಕಡಿಮೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ಆರಿದ್ರಾ ಮಳೆ ಹಿಡಿಯುವ ಮುನ್ನ ಗಿಡವನ್ನು ದಬ್ಬೆಗೆ ಸಡಿಲವಾಗಿ ಕಟ್ಟಿರಬೇಕು.

ಡೇರೆ ಕುಂಡದ ಮುಂದೆ ಗೌರಿ ಹೂವಿನ (ಕರ್ಣಕುಂಡಲ) ಕುಂಡಗಳನ್ನು ಸಾಲಾಗಿಡಿ. ಹಬ್ಬಕ್ಕೆ ಸರಿಯಾಗಿ ಎರಡು ತಿಂಗಳ ಮುಂಚೆ ಬೀಜ ಹಾಕಿದರೆ ಗೌರಿ ಬರುವ ದಿನ ತುಂಬಿಕೊಂಡಿರುತ್ತದೆ.

ಹೆಂಚಿನ ಸೂರಿನ ಕೆಳಗೆ ಸರಿಯಾಗಿ ನೀರು ಬೀಳುವ ಗೆರೆಯಲ್ಲಿ ಕುಂಡ ಇಡಬೇಡಿ. ಸೂರಿನ ಹನಿ ಒಂದೇ ಕಡೆ ಬಿದ್ದು ಮಣ್ಣನ್ನು ಗುಳಿ ತೋಡುತ್ತದೆ, ಬೇರು ಬಿಳುಪಾಗಿ ಮೇಲೆ ಕಾಣುತ್ತದೆ. ಕುಂಡವನ್ನು ಎರಡು ಇಟ್ಟಿಗೆಯ ಮೇಲೇರಿಸಿದರೆ ತಳದ ತೂತು ಕೆಸರಿನಿಂದ ಮುಚ್ಚಿಹೋಗುವುದಿಲ್ಲ. ಉದುರಿದ ಎಸಳು ಎಲೆಗೆ ಅಂಟಿದಲ್ಲೆಲ್ಲ ಬೂದು ಬೂಸ್ಟು ಹಿಡಿಯುತ್ತದೆ, ಬೆಳಿಗ್ಗೆ ಒಂದು ಸುತ್ತು ಆರಿಸಿ ತೆಗೆಯಿರಿ. ಬಸವನಹುಳು ಹೊರಬರುವುದು ರಾತ್ರಿ; ಎಂಟು ಗಂಟೆಗೆ ಟಾರ್ಚ್ ಹಿಡಿದು ಕುಂಡದ ಹೊರಮೈ, ಇಟ್ಟಿಗೆಯ ಸಂದಿ ನೋಡಿ ಹೆಕ್ಕಿ ಉಪ್ಪುನೀರಿಗೆ ಹಾಕಿ.

ನವೆಂಬರ್ ಹೊತ್ತಿಗೆ ಡೇರೆಯ ಎಲೆ ಒಣಗುತ್ತದೆ. ಕಾಂಡವನ್ನು ನಾಲ್ಕಿಂಚು ಉಳಿಸಿ ಕತ್ತರಿಸಿ, ಗಡ್ಡೆ ಅಗೆದು, ನೆರಳಲ್ಲಿ ವಾರ ಆರಿಸಿ. ಬಣ್ಣದ ಹೆಸರು ಬರೆದ ಚೀಟಿ ಕಟ್ಟಿ ಒಣ ಮರಳಿನಲ್ಲಿ ಹೂತಿಡಿ. ತಿಂಗಳಿಗೊಮ್ಮೆ ತೆರೆದು, ಮೆತ್ತಗಾದದ್ದನ್ನು ತೆಗೆದುಹಾಕಿ.